ಹಾಲಿನ ಸೈಕಲ್ಲಿನ ಟೈರು ರಿಮ್ಮಿನಲ್ಲಿ ಸರಿಯಾಗಿ ಕೂರದಿದ್ದರೆ



ಸೈಕಲ್ಲಿನ ಹಿಂದಿನ ಚಕ್ರ ಸುತ್ತಿಗೊಮ್ಮೆ ಎದ್ದು ಕುಣಿಯುತ್ತಿದ್ದರೆ ನಮ್ಮಲ್ಲಿ ಬಹಳ ಮಂದಿ ಮೊದಲು ರಸ್ತೆಯನ್ನು ಬೈಯುತ್ತಾರೆ. ಹೇಮಗಿರಿ ಕಡೆಯ ನಾಲೆ ಏರಿಯ ದಾರಿಗಳಲ್ಲಿ ಹಾಲು ಹೊತ್ತು ಹೋಗುವವರಿಗೆ ಹಾಗೆ ಬೈಯಲು ಕಾರಣವೂ ಉಂಟು. ಆದರೆ ಡಾಂಬರು ರಸ್ತೆಗೆ ಬಂದ ಮೇಲೂ ಅದೇ ಕುಣಿತ, ಅದೂ ಒಂದೇ ತಾಳದಲ್ಲಿ ಇದ್ದರೆ, ತಪ್ಪು ರಸ್ತೆಯದಲ್ಲ. ಟೈರು ರಿಮ್ಮಿನಲ್ಲಿ ಸರಿಯಾಗಿ ಕೂತಿಲ್ಲ. ಪಂಚರ್ ಹಾಕಿಸಿದ ಮಾರನೆಯ ದಿನ, ಇಲ್ಲವೆ ಹೊಸ ಟೈರು ಹಾಕಿಸಿದ ದಿನವೇ ಈ ತೊಂದರೆ ಕಾಣಿಸಿಕೊಳ್ಳುವುದು ಹೆಚ್ಚು.

ಈಗ ಮೊಪೆಡ್, ಬೈಕುಗಳು ಬಂದಿವೆ, ನಿಜ. ಆದರೂ ಒಂದೆರಡು ಹಸು ಕಟ್ಟಿರುವ ಎಷ್ಟೋ ಮನೆಗಳಲ್ಲಿ ಡೈರಿಗೆ ಹಾಲು ಹೋಗುವುದು ಇನ್ನೂ ಸೈಕಲ್ಲಿನ ಮೇಲೆಯೇ. ಇಪ್ಪತ್ತು ಲೀಟರಿನ ಕ್ಯಾನು ತುಂಬಿದರೆ ಹಾಲೊಂದೇ ಇಪ್ಪತ್ತು ಕಿಲೋಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ. ಕ್ಯಾನಿನ ತೂಕ ಬೇರೆ. ಇಷ್ಟು ಭಾರ ಕ್ಯಾರಿಯರಿನ ಮೇಲೆ, ಅಂದರೆ ಹಿಂದಿನ ಚಕ್ರದ ನೆತ್ತಿಯ ಮೇಲೆಯೇ ಕೂತಿರುತ್ತದೆ. ಆ ಚಕ್ರ ಕುಣಿದರೆ ಹಾಲೂ ಕುಣಿಯುತ್ತದೆ. ಮುಕ್ಕಾಲು ತುಂಬಿದ ಕ್ಯಾನಿನಲ್ಲಿ ಬೆಚ್ಚಗಿನ ಹಾಲು ದಾರಿಯುದ್ದಕ್ಕೂ ಕುಲುಕಿದರೆ ಏನಾಗುತ್ತದೆಂದು ಮಜ್ಜಿಗೆ ಕಡೆಯುವ ಮನೆಯ ಹೆಣ್ಣುಮಕ್ಕಳಿಗೆ ನಾವು ಹೇಳಿಕೊಡಬೇಕಾಗಿಲ್ಲ. ಜಿಡ್ಡು ಸಣ್ಣ ಸಣ್ಣ ಕಾಳುಗಟ್ಟಿ ಮುಚ್ಚಳಕ್ಕೂ ಕ್ಯಾನಿನ ಕಂಠಕ್ಕೂ ಮೆತ್ತಿಕೊಳ್ಳುತ್ತದೆ. ಪರೀಕ್ಷೆಗೆ ತೆಗೆಯುವ ಮಾದರಿಯಲ್ಲಿ ಆ ಜಿಡ್ಡು ಇರುವುದಿಲ್ಲ. ನಮಗೆ ಹಣ ಬರುವುದು ಜಿಡ್ಡು ಮತ್ತು ಜಿಡ್ಡೇತರ ಘನಾಂಶದ ಲೆಕ್ಕದಲ್ಲಿ. ಹಸು ಕೊಟ್ಟ ಜಿಡ್ಡನ್ನು ದಾರಿಯಲ್ಲಿ ಮುಚ್ಚಳಕ್ಕೆ ಮೆತ್ತಿ, ಡೈರಿಯಲ್ಲಿ ಕಾರ್ಯದರ್ಶಿಗಳೊಡನೆ ಜಗಳ ಕಾಯುವುದರಲ್ಲಿ ಅರ್ಥವಿಲ್ಲ.

ಇದಕ್ಕಿಂತ ದೊಡ್ಡ ಅಪಾಯವೊಂದಿದೆ. ಸರಿಯಾಗಿ ಕೂರದ ಟೈರು ಭಾರ ಬಿದ್ದಾಗ ಒಂದು ಕಡೆ ರಿಮ್ಮಿನಿಂದ ಹೊರಗೆ ಜಾರಿದರೆ, ಒಳಗಿನ ಟ್ಯೂಬು ಆ ಸಂದಿನಿಂದ ಉಬ್ಬಿ ಗರ್ನಾಲಿನಂತೆ ಸಿಡಿಯುತ್ತದೆ. ಮಬ್ಬುಗತ್ತಲಲ್ಲಿ, ನಾಲೆ ಏರಿಯ ಮೇಲೆ, ಹಿಂದೆ ಕ್ಯಾನು ಕಟ್ಟಿಕೊಂಡು ಹೋಗುವಾಗ ಹೀಗಾದರೆ ಚೆಲ್ಲುವುದು ಹಾಲೊಂದೇ ಅಲ್ಲ.

ಟೈರು ರಿಮ್ಮಿನಲ್ಲಿ ನಿಲ್ಲುವುದು ಹೇಗೆ?

ಟೈರಿನ ಎರಡು ಅಂಚುಗಳನ್ನು ಬೆರಳಿನಿಂದ ಹಿಸುಕಿ ನೋಡಿ. ಒಳಗೆ ಗಟ್ಟಿಯಾದ ಉಕ್ಕಿನ ತಂತಿಯ ಬಳೆ ಸಿಗುತ್ತದೆ. ರಬ್ಬರು ಹಿಗ್ಗುತ್ತದೆ, ಈ ಬಳೆ ಹಿಗ್ಗುವುದಿಲ್ಲ. ಗಾಳಿ ತುಂಬಿದಾಗ ಟ್ಯೂಬು ಟೈರಿನ ಪಕ್ಕೆಗಳನ್ನು ಹೊರಕ್ಕೆ ತಳ್ಳುತ್ತದೆ, ಅಂಚು ರಿಮ್ಮಿನ ತುಟಿಗೆ ಒತ್ತಿಕೊಳ್ಳುತ್ತದೆ, ತಂತಿಯ ಬಳೆ ಅದನ್ನು ಮೇಲೆ ಹಾರಿಹೋಗದಂತೆ ಹಿಡಿಯುತ್ತದೆ. ಟೈರನ್ನು ಹಿಡಿದಿರುವುದು ಇಷ್ಟೇ. ಅಂಟೂ ಇಲ್ಲ, ಮೊಳೆಯೂ ಇಲ್ಲ.

ನಮ್ಮ ಕಸುಬಿಗೆ ಹತ್ತಿರವಾದ ಒಂದು ಸಂಗತಿ. ಗಾಳಿ ತುಂಬಿದ ಟೈರಿಗೆ 1888ರಲ್ಲಿ ಪೇಟೆಂಟ್ ಪಡೆದ ಜಾನ್ ಬಾಯ್ಡ್ ಡನ್‌ಲಪ್ ಒಬ್ಬ ಪಶುವೈದ್ಯ. ಐರ್ಲೆಂಡಿನ ಬೆಲ್‌ಫಾಸ್ಟ್ ಊರಿನಲ್ಲಿ ದನ ಕುದುರೆಗಳಿಗೆ ಮದ್ದು ಕೊಡುತ್ತಿದ್ದವರು ಮಗನ ಮೂರುಗಾಲಿ ಸೈಕಲ್ಲಿಗಾಗಿ ಮಾಡಿದ ಉಪಾಯ ಅದು. ಆದರೆ ಅವರ ಟೈರನ್ನು ಬಟ್ಟೆ ಸುತ್ತಿ ಚಕ್ರಕ್ಕೆ ಅಂಟಿಸಬೇಕಾಗಿತ್ತು. ಪಂಚರ್ ಆದರೆ ಅಷ್ಟನ್ನೂ ಕಿತ್ತು ಹಾಕಬೇಕು. ಅಂಚಿನಲ್ಲಿ ತಂತಿಯಿಟ್ಟು, ರಿಮ್ಮಿನ ನಡುವೆ ತಗ್ಗು ಮಾಡಿ, ಕೈಯಲ್ಲಿ ಬಿಚ್ಚಿ ಹಾಕುವಂತೆ ಮಾಡಿದವರು ಚಾರ್ಲ್ಸ್ ವೆಲ್ಚ್ ಎಂಬುವರು, 1890ರಲ್ಲಿ. ನಾವು ಇಂದಿಗೂ ಆ ತಗ್ಗಿನ ಉಪಕಾರದಿಂದಲೇ ಟೈರು ಹಾಕುತ್ತಿದ್ದೇವೆ. ಆ ತಗ್ಗನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೊದಲು ದೋಷ ಎಲ್ಲಿದೆ ನೋಡಿ

ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ತಿರುಗಿಸಿ. ಒಂದು ಕಡ್ಡಿಯನ್ನು ಚಾಸಿಗೆ ಆನಿಸಿ, ಅದರ ತುದಿ ರಿಮ್ಮಿನ ಹತ್ತಿರಕ್ಕೆ ಬರುವಂತೆ ಹಿಡಿಯಿರಿ. ರಿಮ್ಮೇ ಅತ್ತಿತ್ತ ಓಲಾಡಿದರೆ ಅದು ಬೆಂಡು. ಸ್ಪೋಕುಗಳನ್ನು ಬಿಗಿ ಸಡಿಲ ಮಾಡಿ ಬೆಂಡು ತೆಗೆಯುವುದು ಕೈಪಳಗಿದವರ ಕೆಲಸ, ಸೈಕಲ್ ಶಾಪಿಗೆ ಕೊಡಿ. ರಿಮ್ಮು ನೆಟ್ಟಗೆ ತಿರುಗಿ ಟೈರು ಮಾತ್ರ ಎದ್ದು ಬಿದ್ದು ಆಡಿದರೆ ಕೆಲಸ ನಿಮ್ಮ ಕೈಯಲ್ಲೇ ಇದೆ.

ಟೈರಿನ ಪಕ್ಕೆಯಲ್ಲಿ, ರಿಮ್ಮಿನ ತುಟಿಗೆ ಸ್ವಲ್ಪ ಮೇಲೆ, ಸುತ್ತಲೂ ಒಂದು ಸಣ್ಣ ಗೆರೆ ಎದ್ದಿರುತ್ತದೆ. ಅಲಂಕಾರಕ್ಕೆ ಹಾಕಿದ್ದೆಂದು ಬಹಳ ಜನ ತಿಳಿದಿದ್ದಾರೆ. ಅದು ಅಳತೆಯ ಗೆರೆ. ರಿಮ್ಮಿನಿಂದ ಆ ಗೆರೆಗೆ ಇರುವ ಅಂತರ ಸುತ್ತಲೂ, ಎರಡೂ ಪಕ್ಕದಲ್ಲಿ, ಒಂದೇ ಸಮನಾಗಿರಬೇಕು. ಒಂದು ಜಾಗದಲ್ಲಿ ಗೆರೆ ರಿಮ್ಮಿನೊಳಗೆ ಮುಳುಗಿದ್ದರೆ ಅಲ್ಲಿ ಟೈರು ತಗ್ಗಿನಲ್ಲಿ ಸಿಕ್ಕಿಕೊಂಡಿದೆ, ಮೇಲೆ ಬಂದಿಲ್ಲ. ಗೆರೆ ದೂರ ಸರಿದು ಟೈರು ಉಬ್ಬಿದ್ದರೆ ಅಲ್ಲಿ ಅಂಚಿನ ಕೆಳಗೆ ಏನೋ ಸಿಕ್ಕಿದೆ, ಹೆಚ್ಚಾಗಿ ಟ್ಯೂಬು. ಮುಳುಗಿದ್ದು ಕುಣಿಸುತ್ತದೆ, ಉಬ್ಬಿದ್ದು ಸಿಡಿಯುತ್ತದೆ. ಉಬ್ಬು ಕಂಡರೆ ಇನ್ನೊಂದು ಪಂಪು ಗಾಳಿಯನ್ನೂ ಹೊಡೆಯಬೇಡಿ.

ಕೂರಿಸುವ ಬಗೆ

ವಾಲಿನ ಮೇಲಿನ ನಟ್ಟು ಬಿಚ್ಚಿ, ವಾಲ್‌ಟ್ಯೂಬು ಇರುವ ಕಡ್ಡಿ ತೆಗೆದು ಗಾಳಿಯನ್ನು ಪೂರ್ತಿ ಬಿಡಿ. ಅರ್ಧ ಗಾಳಿಯಲ್ಲಿ ಟೈರನ್ನು ಎಳೆದಾಡಿ ಫಲವಿಲ್ಲ. ರಿಮ್ಮಿಗೆ ಬಿಗಿದಿರುವ ನಟ್ಟನ್ನೂ ಸಡಿಲ ಮಾಡಿ, ವಾಲನ್ನು ಹೆಬ್ಬೆರಳಿನಿಂದ ಒಳಕ್ಕೆ ಒಂದೆರಡು ಸಲ ಒತ್ತಿ ಬಿಡಿ. ಟೈರು ಕೂರದಿರುವುದು ಹೆಚ್ಚಾಗಿ ಈ ವಾಲಿನ ಹತ್ತಿರವೇ. ವಾಲಿನ ಬುಡದ ರಬ್ಬರು ದಪ್ಪ. ಮೊದಲೇ ನಟ್ಟು ಬಿಗಿದುಬಿಟ್ಟರೆ ಟೈರಿನ ಅಂಚು ಆ ದಪ್ಪದ ಮೇಲೆಯೇ ಕೂತುಬಿಡುತ್ತದೆ.

ಇನ್ನು ಟೈರನ್ನು ಎರಡು ಕೈಯಲ್ಲೂ ಹಿಸುಕಿ, ಪಕ್ಕಕ್ಕೆ ಬಗ್ಗಿಸಿ, ಸುತ್ತಲೂ ಒಳಗೆ ಇಣುಕಿ ನೋಡಿ. ಟ್ಯೂಬಿನ ಕಪ್ಪು ಎಲ್ಲಿಯೂ ಅಂಚಿನ ಕೆಳಗೆ ಕಾಣಬಾರದು. ಕಂಡರೆ ಬೆರಳಿನಿಂದಲೇ ಒಳಕ್ಕೆ ತಳ್ಳಿ. ಸ್ಕ್ರೂಡ್ರೈವರು, ಕುಡುಗೋಲಿನ ತುದಿ ಬೇಡವೇ ಬೇಡ. ಒಂದು ಪಂಚರ್ ತೆಗೆಯಲು ಹೋಗಿ ಮೂರು ಮಾಡಿಕೊಳ್ಳುವ ದಾರಿ ಅದು.

ರಿಮ್ಮಿನಲ್ಲಿ ತುಕ್ಕು ಹಿಡಿದಿದ್ದರೆ ಟೈರಿನ ಒಂದು ಪಕ್ಕ ಬಿಚ್ಚಿ ಉಪ್ಪುಕಾಗದದಿಂದ ಉಜ್ಜಿ ಒರೆಸಿ. ಸ್ಪೋಕಿನ ತಲೆಗಳು ಚುಚ್ಚದಿರಲಿ ಎಂದು ರಿಮ್ಮಿನೊಳಗೆ ಸುತ್ತುವ ಪಟ್ಟಿಯನ್ನೂ ಗಮನಿಸಿ. ಕೆಲವರು ಉಳಿತಾಯವೆಂದು ಗೋಣಿಯ ಚೂರನ್ನೋ ಹಳೆಯ ಟ್ಯೂಬನ್ನೋ ಎರಡು ಮೂರು ಸುತ್ತು ಸುತ್ತಿರುತ್ತಾರೆ. ಆಗ ವೆಲ್ಚ್ ಮಾಡಿದ ತಗ್ಗೇ ಮುಚ್ಚಿಹೋಯಿತು! ಟೈರು ಹಾಕುವುದೂ ಕಷ್ಟ, ಕೂರುವುದೂ ಕಷ್ಟ. ತೆಳುವಾದ ಒಂದು ಸುತ್ತು ಸಾಕು.

ಬಿಚ್ಚಿದ ಟೈರನ್ನು ಮತ್ತೆ ಹಾಕುವಾಗ ವಾಲಿನ ಎದುರು ಬದಿಯಿಂದ ಶುರುಮಾಡಿ ವಾಲಿನ ಹತ್ತಿರ ಮುಗಿಸಿ. ಬಹಳ ಮಂದಿ ಇದನ್ನು ತಿರುಗುಮುರುಗು ಮಾಡಿ, ಕೊನೆಯ ಗೇಣಿನಲ್ಲಿ ಬೆವರಿಳಿಸುತ್ತಾರೆ. ಮೊದಲು ಹಾಕಿದ ಭಾಗದ ಅಂಚನ್ನು ರಿಮ್ಮಿನ ನಡುವಿನ ತಗ್ಗಿಗೆ ಇಳಿಸಿದರೆ ಕೊನೆಯಲ್ಲಿ ಅಷ್ಟು ಸಡಿಲ ಸಿಗುತ್ತದೆ. ವಾಲಿನ ಹತ್ತಿರವೇ ಮುಗಿಸಿದರೆ, ಅದನ್ನು ಒಳಕ್ಕೆ ಒತ್ತಿ, ಸಿಕ್ಕಿಕೊಂಡ ಟ್ಯೂಬನ್ನು ಬಿಡಿಸಲೂ ಬರುತ್ತದೆ.

ಈಗ ಒಂದು ಲೋಟ ನೀರಿಗೆ ಬಟ್ಟೆ ಸೋಪು ಕದಡಿ, ಚಿಂದಿಯಿಂದ ಟೈರಿನ ಅಂಚಿಗೆ ಎರಡೂ ಪಕ್ಕ ಸವರಿ. ಒಣ ರಬ್ಬರು ರಿಮ್ಮಿಗೆ ಕಚ್ಚಿಕೊಂಡು ಮೇಲೆ ಬರುವುದಿಲ್ಲ. ಸೋಪಿನ ನೀರು ಅದನ್ನು ಜಾರಿಸುತ್ತದೆ, ಆಮೇಲೆ ಒಣಗಿಹೋಗುತ್ತದೆ. ಎಣ್ಣೆ, ಗ್ರೀಸು ಹಚ್ಚಬೇಡಿ. ಅವು ಒಣಗುವುದಿಲ್ಲ, ಟೈರು ರಿಮ್ಮಿನ ಮೇಲೆ ಜಾರುತ್ತಲೇ ಇದ್ದು ವಾಲಿನ ಬುಡವನ್ನು ಕೀಳುತ್ತದೆ. ಸೀಮೆಎಣ್ಣೆ ರಬ್ಬರನ್ನೇ ಕೆಡಿಸುತ್ತದೆ.

ಕಾಲುಭಾಗ ಗಾಳಿ ಹೊಡೆದು ನಿಲ್ಲಿಸಿ. ಟೈರನ್ನು ಎರಡು ಕೈಯಲ್ಲಿ ಹಿಡಿದು ಚಕ್ರದ ಸುತ್ತಲೂ ಅತ್ತ ಇತ್ತ ತಿರುಚುತ್ತಾ ಬನ್ನಿ. ಗೆರೆ ಮುಳುಗಿದ ಜಾಗದಲ್ಲಿ ಟೈರನ್ನು ಹೊರಕ್ಕೆ ಎಳೆಯಿರಿ, ಉಬ್ಬಿದ ಜಾಗದಲ್ಲಿ ಅಂಗೈಯಿಂದ ಒತ್ತಿ. ಗೆರೆ ನೋಡಿ. ಸರಿಯೆನಿಸಿದರೆ ಇನ್ನಷ್ಟು ಗಾಳಿ, ಮತ್ತೆ ಗೆರೆ ನೋಡಿ. ಮುಳುಗಿದ ಜಾಗ ಒಮ್ಮೊಮ್ಮೆ ಗಾಳಿ ಏರಿದಾಗ ಟಪ್ಪೆಂದು ಸದ್ದು ಮಾಡಿ ತಾನೇ ಮೇಲೆ ಬರುತ್ತದೆ, ಹೆದರಬೇಡಿ. ಹಾಗೆಂದು ಟೈರಿನ ಪಕ್ಕೆಯ ಮೇಲೆ ಅಚ್ಚು ಹಾಕಿರುವ ಗರಿಷ್ಠ ಒತ್ತಡವನ್ನು ಮೀರಬೇಡಿ. ಒಂದೇ ಸಲಕ್ಕೆ ಆಗದಿದ್ದರೆ ಗಾಳಿ ಬಿಟ್ಟು ಮೊದಲಿನಿಂದ ಮಾಡಿ. ವಾಲಿನ ನಟ್ಟನ್ನು ಬಿಗಿಯುವುದು ಎಲ್ಲ ಮುಗಿದ ಮೇಲೆ, ಅದೂ ಕೈಬಿಗಿ ಸಾಕು.

ಎರಡು ಮೂರು ಸಲ ಮಾಡಿದರೂ ಕೂರದಿದ್ದರೆ ಟೈರಿನ ನಂಬರು ಓದಿ. ನಮ್ಮ ಹಳೆಯ ದೊಡ್ಡ ಸೈಕಲ್ಲುಗಳ ಟೈರು 28 × 1½. ಮುಖ್ಯವಾದದ್ದು ಅದರ ಜೊತೆಗೆ ಬರೆದಿರುವ 40-635. ಅಂದರೆ ಅಂಚು ಕೂರುವ ಜಾಗದ ಅಡ್ಡಳತೆ 635 ಮಿಲಿಮೀಟರು. ‘ಇಪ್ಪತ್ತಾರರ ಟೈರು ಕೊಡಿ’ ಎಂದು ಕೇಳಿದರೆ ಮೋಸಹೋಗುವ ಸಂಭವವುಂಟು. 26 × 1⅜ ಎಂಬುದು 590 ಮಿಲಿಮೀಟರು, ದಪ್ಪ ಗುಂಡಿಯ 26 × 1.75 ಎಂಬುದು 559. ಹೆಸರು ಒಂದೇ, ಅಡ್ಡಳತೆಯಲ್ಲಿ ಮೂರು ಸೆಂಟಿಮೀಟರು ವ್ಯತ್ಯಾಸ. ಸಣ್ಣ ರಿಮ್ಮಿಗೆ ದೊಡ್ಡ ಟೈರು ಸುಲಭವಾಗಿ ಹತ್ತುತ್ತದೆ, ಆದರೆ ಗಾಳಿ ತುಂಬಿದಾಗ ಹಾರುತ್ತದೆ. 2006-07ರಿಂದ ಸರ್ಕಾರ ಎಂಟನೆಯ ತರಗತಿ ಮಕ್ಕಳಿಗೆ ಹಂಚಿದ ಸೈಕಲ್ಲುಗಳು ಎಷ್ಟೋ ಕೊಟ್ಟಿಗೆಗಳಲ್ಲಿ ಈಗ ಹಾಲಿನ ಕೆಲಸಕ್ಕೆ ನಿಂತಿವೆ. ಅಪ್ಪನ ಸೈಕಲ್ಲಿನ ಟೈರು ಮಗಳ ಸೈಕಲ್ಲಿಗೆ ಆದೀತೆಂದು ಊಹಿಸದೆ, ಹಳೆಯ ಟೈರಿನ ಮೇಲಿನ ನಂಬರು ಬರೆದುಕೊಂಡೇ ಅಂಗಡಿಗೆ ಹೋಗಿ.

ಅಂಗಡಿಯಲ್ಲಿ ಟೈರನ್ನು ಸುರುಳಿ ಸುತ್ತಿ ಕಟ್ಟಿರುತ್ತಾರೆ. ಬಿಚ್ಚಿ, ಒಂದು ಗಂಟೆ ಎಳೆಬಿಸಿಲಿನಲ್ಲಿಟ್ಟರೆ ದುಂಡಗಾಗುತ್ತದೆ. ಅಂಚಿನ ತಂತಿ ಮುರಿದಂತೆ ಚೂಪಾಗಿ ಮಡಿಸಿದ್ದರೆ ಕೊಳ್ಳಬೇಡಿ, ಅದು ಎಂದೂ ಸರಿಯಾಗಿ ಕೂರುವುದಿಲ್ಲ. ಬಳಸಿದ ಟೈರಿನಲ್ಲಿ ತಂತಿ ತುಂಡಾಗಿ ಅಂಚಿನಿಂದ ಹೊರಗೆ ಇಣುಕಿದ್ದರೂ ಅಷ್ಟೇ. ಹೊಲಿದು, ಕಂಬಿ ಕಟ್ಟಿ ಓಡಿಸುವ ಸಾಹಸ ಹಾಲಿನ ಸೈಕಲ್ಲಿಗೆ ಬೇಡ. ಆ ಟೈರನ್ನು ಮಕ್ಕಳಿಗೆ ಕೊಡಿ, ಕೋಲು ಹಿಡಿದು ಬೀದಿಯಲ್ಲಿ ಓಡಿಸಲಿ.

ಹಾಲಿನ ಹೊತ್ತಿನಲ್ಲಿ ಹೀಗಾದರೆ

ದಾರಿಯಲ್ಲಿ ಟೈರು ಜಾರಿದ್ದು ಕಂಡರೆ ಮೊದಲು ಕ್ಯಾನು ಇಳಿಸಿ ನೆರಳಿಗಿಡಿ, ಒದ್ದೆ ಗೋಣಿ ಹೊದಿಸಿ. ಆಗತಾನೆ ಕರೆದ ಹಾಲು ಹಸುವಿನ ಮೈಬಿಸಿಯಲ್ಲೇ ಇರುತ್ತದೆ, ಹುಳಿ ಮಾಡುವ ಸೂಕ್ಷ್ಮಜೀವಿಗಳು ಅರ್ಧ ಗಂಟೆಯೊಳಗೆ ಇಮ್ಮಡಿಯಾಗಬಲ್ಲ ಬಿಸಿ ಅದು. ಆದ್ದರಿಂದ ಅಲ್ಲಿ ಕೂತು ಟೈರು ಬಿಚ್ಚಬೇಡಿ. ಅದೇ ದಾರಿಯಲ್ಲಿ ಡೈರಿಗೆ ಹೋಗುವ ಇನ್ನೊಬ್ಬ ಸದಸ್ಯರ ಕೈಯಲ್ಲಿ ಕ್ಯಾನು ಕಳಿಸಿ, ನಿಮ್ಮ ಪಾಸ್‌ಪುಸ್ತಕವನ್ನೂ ಜೊತೆಗೆ ಕೊಡಿ. ಯಾರೂ ಸಿಗದಿದ್ದರೆ ಗಾಳಿ ಅರ್ಧ ಇಳಿಸಿ, ಕ್ಯಾನು ಮತ್ತೆ ಕಟ್ಟಿ, ಹತ್ತದೆ ಸೈಕಲ್ಲನ್ನು ತಳ್ಳಿಕೊಂಡು ಹೋಗಿ. ತಡವಾಗಿ ತಲುಪಿದರೆ ಕಾರ್ಯದರ್ಶಿಗಳಿಗೆ ವಿಷಯ ತಿಳಿಸಿ, ಎಲ್ಲರ ಹಾಲಿಗೆ ಸುರಿಯುವ ಮೊದಲು ನಿಮ್ಮದನ್ನು ಬೇರೆಯಾಗಿ ಕಾಯಿಸಿ ಪರೀಕ್ಷೆ ಮಾಡಲು ನೀವೇ ಕೇಳಿ. ಒಡೆದ ಹಾಲು ಒಂದು ಕ್ಯಾನು ಶೀತಲ ಘಟಕದ ತೊಟ್ಟಿಗೆ ಬಿದ್ದರೆ ಊರಿನ ಅಷ್ಟೂ ಮನೆಯ ಆ ಹೊತ್ತಿನ ಹಾಲು ಹೋದಂತೆ.