ಹಲಸಿನ ಸೊಳೆ ಫ್ರೀಜರಿನಲ್ಲಿ: ಮೇ ತಿಂಗಳ ಹಣ್ಣು ನವರಾತ್ರಿಗೆ

ಮೇ ತಿಂಗಳಲ್ಲಿ ನಮ್ಮ ಕಾಸರಗೋಡಿನ ತೋಟಗಳಲ್ಲೆಲ್ಲ ಹಲಸಿನ ಹಣ್ಣಿನ ವಾಸನೆ. ಒಂದು ಮರದ ಹಣ್ಣನ್ನು ಒಂದು ಮನೆಯವರು ತಿಂದು ಮುಗಿಸೋಕೆ ಆಗೋದಿಲ್ಲ. ಉಳಿದದ್ದು ಮರದ ಬುಡದಲ್ಲೇ ಕೊಳೆಯುತ್ತದೆ. ಆಮೇಲೆ ನವರಾತ್ರಿಗೆ ಪಾಯಸ ಮಾಡೋಣ ಅಂದರೆ ಒಂದು ಸೊಳೆಯೂ ಇಲ್ಲ!

2018ರ ಮಾರ್ಚ್ 21ರಂದು ಕೇರಳ ಸರಕಾರ ಹಲಸನ್ನು ರಾಜ್ಯದ ಹಣ್ಣು ಎಂದು ಘೋಷಿಸಿತು. ಹೆಸರೇನೋ ಬಂತು. ಹಣ್ಣನ್ನು ಉಳಿಸುವ ಕೆಲಸ ಮಾತ್ರ ನಮ್ಮದೇ. ಮನೆಯಲ್ಲಿ ಫ್ರಿಜ್ಜು ಇದ್ದರೆ ಹೀಗೆ ಮಾಡಿ ನೋಡಿ.

ಹಣ್ಣು ಕೆಡುವುದು ಯಾಕೆ?

ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಹಣ್ಣನ್ನು ಕೆಡಿಸುತ್ತವೆ. ಅವು ಬೆಳೆಯಲು ನೀರು ಮತ್ತು ಬಿಸಿ ಬೇಕು. ಫ್ರೀಜರಿನಲ್ಲಿ ಹಣ್ಣಿನ ನೀರು ಮಂಜುಗಡ್ಡೆ ಆಗುತ್ತದೆ. ಆಗ ಅವು ಬೆಳೆಯುವುದಿಲ್ಲ. ಆದರೆ ನೆನಪಿಡಿ, ಅವು ಸಾಯುವುದೂ ಇಲ್ಲ. ಹೊರಗೆ ತೆಗೆದರೆ ಮತ್ತೆ ಕೆಲಸ ಶುರು ಮಾಡುತ್ತವೆ. ಅಂದರೆ ಫ್ರೀಜರು ಕೆಟ್ಟ ಹಣ್ಣನ್ನು ಸರಿಮಾಡುವುದಿಲ್ಲ. ಒಳ್ಳೆಯದನ್ನು ಇಟ್ಟರೆ ಮಾತ್ರ ಒಳ್ಳೆಯದು ಸಿಗುತ್ತದೆ.

ಮಾಡುವ ಕ್ರಮ

1. ಮಳೆ ಹಿಡಿಯುವ ಮೊದಲಿನ ಬಕ್ಕೆ ಹಣ್ಣು ಆರಿಸಿ. ಮಳೆ ನೀರು ಕುಡಿದ ಹಣ್ಣಿಗೆ ಸಿಹಿ ಕಡಿಮೆ.
2. ಕೈಗೆ, ಕತ್ತಿಗೆ ಎಣ್ಣೆ ಸವರಿ. ಮೇಣ ಅಂಟುವುದಿಲ್ಲ.
3. ಸೊಳೆ ಬಿಡಿಸಿ, ಬೀಜ ತೆಗೆಯಿರಿ. ಸೊಳೆಗೆ ನೀರು ತಾಗಿಸಬೇಡಿ.
4. ಸ್ಟೀಲಿನ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ, ಫ್ರೀಜರಿನಲ್ಲಿಡಿ. ರಾಶಿ ಹಾಕಿದರೆ ನಿಧಾನ ಹೆಪ್ಪುಗಟ್ಟುತ್ತದೆ. ಆಗ ಮಂಜಿನ ಹರಳು ದೊಡ್ಡದಾಗಿ ಸೊಳೆಯನ್ನು ಒಳಗಿನಿಂದ ಹರಿಯುತ್ತದೆ. ಅಂಥ ಸೊಳೆ ಕರಗಿದಾಗ ಮೆತ್ತಗಾಗುತ್ತದೆ.
5. ಸೊಳೆ ಕಲ್ಲಿನಂತಾದ ಮೇಲೆ ದಪ್ಪ ಕವರಿಗೆ ಹಾಕಿ. ಗಾಳಿ ಒತ್ತಿ ತೆಗೆದು ಬಾಯಿ ಮುಚ್ಚಿ. ಒಂದು ಸಲದ ಅಡುಗೆಗೆ ಒಂದು ಕವರು.

ತುಳುವೆ ಹಣ್ಣಾದರೆ ನಾರು ತೆಗೆದು, ಕಿವುಚಿ ಡಬ್ಬಿಗೆ ಹಾಕಿ. ಮೇಲೆ ಒಂದು ಬೆರಳು ಜಾಗ ಬಿಡಿ. ನೀರು ಹೆಪ್ಪುಗಟ್ಟಿದಾಗ ಹಿಗ್ಗುತ್ತದೆ.

ಚೀಟಿ ಬರೆಯಿರಿ

ಎರಡು ತಿಂಗಳು ಕಳೆದರೆ ಎಲ್ಲ ಕವರೂ ಒಂದೇ ಥರ ಕಾಣುತ್ತವೆ. ಹಾಗಾಗಿ ಪ್ರತಿ ಕವರಿಗೂ ನೀವೇ ಚೀಟಿ ಬರೆದು ಅಂಟಿಸಿ. ಬೇರೆಯವರ ಕೈಯಲ್ಲಿ ಬರೆಸಬೇಡಿ. ಹೀಗೆ ಬರೆಯಿರಿ:

ಬಕ್ಕೆ ಹಲಸು. 30 ಸೊಳೆ. ಮೇ 12.

ಹಳೆಯ ತಾರೀಕಿನದ್ದನ್ನು ಮೊದಲು ಬಳಸಿ. ಸೊನ್ನೆಗಿಂತ 18 ಡಿಗ್ರಿ ಕೆಳಗೆ ಹೋಗುವ ಫ್ರೀಜರಿನಲ್ಲಿ ಸೊಳೆ ಆರೆಂಟು ತಿಂಗಳು ಚೆನ್ನಾಗಿರುತ್ತದೆ. ಒಂದೇ ಬಾಗಿಲಿನ ಫ್ರಿಜ್ಜಿನೊಳಗಿನ ಸಣ್ಣ ಐಸು ಪೆಟ್ಟಿಗೆ ಅಷ್ಟು ತಂಪಾಗುವುದಿಲ್ಲ. ಅದರಲ್ಲಿಟ್ಟದ್ದನ್ನು ತಿಂಗಳೊಳಗೆ ಮುಗಿಸಿ.

ಕರೆಂಟು ಹೋದರೆ?

ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬೀಳುವುದು ನಮಗೆ ಹೊಸತಲ್ಲ. ಆಗ ಫ್ರೀಜರಿನ ಬಾಗಿಲು ತೆರೆಯಬೇಡಿ. ತುಂಬಿದ ಫ್ರೀಜರಿನ ತಂಪು ಹೆಚ್ಚು ಹೊತ್ತು ಉಳಿಯುತ್ತದೆ.

ಒಂದು ಉಪಾಯ ಇದೆ. ಲೋಟದಲ್ಲಿ ನೀರು ಹಾಕಿ, ಗಡ್ಡೆ ಕಟ್ಟಿಸಿ, ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಫ್ರೀಜರಿನಲ್ಲೇ ಬಿಡಿ. ನಾಣ್ಯ ಮೇಲೆಯೇ ಇದ್ದರೆ ಚಿಂತೆ ಇಲ್ಲ. ತಳಕ್ಕೆ ಇಳಿದಿದ್ದರೆ, ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಆ ಸೊಳೆ ತಿನ್ನಬೇಡಿ, ಗೊಬ್ಬರದ ಗುಂಡಿಗೆ ಹಾಕಿ.

ಬಳಸುವ ಹಿಂದಿನ ರಾತ್ರಿ ಕವರನ್ನು ಫ್ರಿಜ್ಜಿನ ಕೆಳಗಿನ ತಟ್ಟಿನಲ್ಲಿಡಿ. ತಾಜಾ ಹಣ್ಣಿನಷ್ಟು ಗಟ್ಟಿ ಇರುವುದಿಲ್ಲ, ಆದರೆ ಪಾಯಸ, ಮುಳ್ಕ, ಕೊಟ್ಟಿಗೆಗೆ ಬಹಳ ಒಳ್ಳೆಯದು. ಒಮ್ಮೆ ಕರಗಿದ್ದನ್ನು ಮತ್ತೆ ಫ್ರೀಜರಿಗೆ ಹಾಕಬೇಡಿ.

ಫ್ರಿಜ್ಜು ಇಲ್ಲದವರಿಗೆ ಹಿರಿಯರ ದಾರಿ ಇದ್ದೇ ಇದೆ: ಬೆಳೆದ ಕಾಯಿಯ ಸೊಳೆಯನ್ನು ಭರಣಿಯಲ್ಲಿ ಉಪ್ಪು ಹಾಕಿಡುವುದು. ಆಟಿ ತಿಂಗಳ ಉಪ್ಪುಸೊಳೆಗೆ ಕರೆಂಟು ಬೇಡ!

ಓದಿ, ಉತ್ತರ ಬರೆಯಿರಿ

1. ಸೊಳೆಯನ್ನು ತಟ್ಟೆಯಲ್ಲಿ ಹರಡುವುದು ಯಾಕೆ?
2. ನಾಣ್ಯ ತಳಕ್ಕೆ ಇಳಿದಿದ್ದರೆ ಏನು ತಿಳಿಯಬೇಕು?
3. ನಿಮ್ಮ ಮನೆಯ ಹಲಸಿಗೆ ಒಂದು ಚೀಟಿ ಬರೆಯಿರಿ.