ಪ್ರದೇಶವೇ ಭಾಷೆಯಲ್ಲ: ತಂತ್ರಾಂಶಗಳ ಭಾಷಾ ಆಯ್ಕೆಯಲ್ಲಿನ ಒಂದು ಗೊಂದಲ

ಹೊರನಾಡಿನಲ್ಲಿದ್ದು ಕನ್ನಡದ ಕೆಲಸ ಮಾಡುವ ಸಂಶೋಧಕರು ಆಗಾಗ ಎದುರಿಸುವ ತೊಡಕೊಂದಿದೆ. ಗಣಕದ ಉಳಿದ ವ್ಯವಹಾರವೆಲ್ಲ ಇಂಗ್ಲಿಷಿನಲ್ಲೋ ಕನ್ನಡದಲ್ಲೋ ನಡೆಯುತ್ತಿದ್ದರೂ, ಹೊಸದಾಗಿ ಅಳವಡಿಸಿದ ತಂತ್ರಾಂಶವೊಂದು ತಾವು ಕೇಳದ ಹಿಂದಿಯಲ್ಲಿ ತೆರೆದುಕೊಳ್ಳುತ್ತದೆ. ಇದನ್ನು ಆಕಸ್ಮಿಕ ದೋಷವೆಂದು ತಳ್ಳಿಹಾಕುವಂತಿಲ್ಲ. ಭಾಷೆಗೂ ಪ್ರದೇಶಕ್ಕೂ ಇರುವ ಸಂಬಂಧವನ್ನು ಕುರಿತ ತಪ್ಪು ಗ್ರಹಿಕೆಯೊಂದು ಇದರ ಹಿಂದಿದೆ. ಅದರ ಸ್ವರೂಪವನ್ನೂ ಅದು ಸಂಶೋಧನೆಯ ಸಾಮಗ್ರಿಗೆ ತರಬಹುದಾದ ಹಾನಿಯನ್ನೂ ವಿವರಿಸುವುದು ಈ ಟಿಪ್ಪಣಿಯ ಉದ್ದೇಶ.

1. ಸಂಕೇತದ ಎರಡು ಭಾಗಗಳು

ಗಣಕವು ಕನ್ನಡವನ್ನು ಗುರುತಿಸುವುದು ಸಾಮಾನ್ಯವಾಗಿ ‘ಕೆಎನ್-ಐಎನ್’ ಎಂಬ ಸಂಕೇತದಿಂದ. ಇದರ ಮೊದಲ ಭಾಗವು ಐಎಸ್‌ಒ 639 ಮಾನಕಕ್ಕೆ ಅನುಸಾರವಾಗಿ ಭಾಷೆಯನ್ನೂ ಎರಡನೆಯ ಭಾಗವು ಐಎಸ್‌ಒ 3166 ಮಾನಕಕ್ಕೆ ಅನುಸಾರವಾಗಿ ದೇಶವನ್ನೂ ಸೂಚಿಸುತ್ತದೆ. ಈ ಜೋಡಿಯಲ್ಲಿ ರಾಜ್ಯಕ್ಕೆ ಸ್ಥಾನವಿಲ್ಲ. ಧಾರವಾಡದ ಕನ್ನಡಿಗನಿಗೂ ಮುಂಬಯಿಯ ಕನ್ನಡಿಗನಿಗೂ ಸಂಕೇತ ಒಂದೇ.

ಬಳಕೆಯಲ್ಲಿಯೂ ಈ ಎರಡನ್ನು ಪ್ರತ್ಯೇಕವಾಗಿಡುವ ಏರ್ಪಾಡು ಇದೆ. ವಿಂಡೋಸ್ ವ್ಯವಸ್ಥೆಯಲ್ಲಿ ತೆರೆಯ ಮೇಲಿನ ಭಾಷೆ ಒಂದು ಆಯ್ಕೆ; ದಿನಾಂಕ, ಸಂಖ್ಯೆ, ನಾಣ್ಯಗಳ ಪ್ರಾದೇಶಿಕ ರೂಪ ಇನ್ನೊಂದು ಆಯ್ಕೆ. ಲಿನಕ್ಸ್‌ನಲ್ಲಿ ‘ಎಲ್‌ಸಿ-ಮೆಸೇಜಸ್’ ಸೂಚನೆಗಳ ಭಾಷೆಯನ್ನೂ ‘ಎಲ್‌ಸಿ-ಟೈಮ್’ ದಿನಾಂಕದ ರೂಪವನ್ನೂ ನಿರ್ಧರಿಸುತ್ತವೆ. ಆದರೆ ಅಲ್ಲಿ ‘ಎಲ್‌ಸಿ-ಆಲ್’ ಎಂಬುದಕ್ಕೆ ಬೆಲೆ ಕೊಟ್ಟರೆ ಈ ಭೇದವೆಲ್ಲ ಅಳಿದುಹೋಗುತ್ತದೆ.

2. ತಪ್ಪು ಹುಟ್ಟುವ ಬಗೆ

ತಪ್ಪು ಎರಡು ದಾರಿಗಳಲ್ಲಿ ನುಸುಳುತ್ತದೆ. ಮೊದಲನೆಯದು, ತಂತ್ರಾಂಶವನ್ನು ರಚಿಸಿದವರು ತೆರೆಯ ಭಾಷೆಯನ್ನು ವಿಚಾರಿಸುವ ಬದಲು ಪ್ರಾದೇಶಿಕ ರೂಪವನ್ನು ಓದಿಕೊಳ್ಳುವುದು. ದಿನಾಂಕಗಳಷ್ಟೇ ಕನ್ನಡದಲ್ಲಿರಲಿ ಎಂದು ಬಯಸಿದವರ ಮುಂದೆ ಆಗ ಇಡೀ ತಂತ್ರಾಂಶ ಕನ್ನಡದಲ್ಲಿ ನಿಲ್ಲುತ್ತದೆ. ಇದಕ್ಕೆ ವಿಪರ್ಯಯವೂ ಸಂಭವಿಸುತ್ತದೆ.

ಎರಡನೆಯದು, ದೇಶವೊಂದನ್ನೇ ತಿಳಿದು ಭಾಷೆಯನ್ನು ಊಹಿಸುವುದು. ಯೂನಿಕೋಡ್ ಒಕ್ಕೂಟದ ಸಿಎಲ್‌ಡಿಆರ್ ದತ್ತಕೋಶದಲ್ಲಿ, ಸಂಕೇತದಲ್ಲಿ ಬಿಟ್ಟುಹೋದ ಅಂಶವನ್ನು ತುಂಬಿಕೊಳ್ಳಲು ಸಂಭಾವ್ಯತೆಯ ಕೋಷ್ಟಕವೊಂದಿದೆ. ಭಾರತ ಎಂದಷ್ಟೇ ಹೇಳಿದರೆ ಅದು ‘ಹಿಂದಿ, ದೇವನಾಗರಿ’ ಎಂದು ಉತ್ತರಿಸುತ್ತದೆ. ಕನ್ನಡ ಲಿಪಿ ಎಂದು ಹೇಳಿದರೆ ‘ಕನ್ನಡ, ಭಾರತ’ ಎನ್ನುತ್ತದೆ. ಅಂಕಿಅಂಶಗಳ ದೃಷ್ಟಿಯಿಂದ ಈ ಉತ್ತರಗಳಲ್ಲಿ ತಪ್ಪಿಲ್ಲ. ಆದರೆ ಬಹುಸಂಖ್ಯಾತರ ಭಾಷೆಯನ್ನು ಕುರಿತ ಊಹೆಯನ್ನು ಒಬ್ಬ ವ್ಯಕ್ತಿಯ ಇಚ್ಛೆಯೆಂದು ಬಗೆದಲ್ಲಿ ಅದು ಅನ್ಯಾಯವಾಗುತ್ತದೆ. ರಾಜ್ಯವನ್ನು ಆಧಾರವಾಗಿ ಹಿಡಿದರೂ ಸಮಸ್ಯೆ ಬಗೆಹರಿಯದು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿಯೇ ಸುಮಾರು ಮೂರನೆಯ ಒಂದು ಭಾಗ ಜನರ ಮಾತೃಭಾಷೆ ಕನ್ನಡವಲ್ಲ. ಚೆನ್ನೈ, ಪುಣೆ, ಹೈದರಾಬಾದುಗಳ ಕನ್ನಡಿಗರಂತೂ ಅಂತಹ ಲೆಕ್ಕದಿಂದ ಪೂರ್ತಿಯಾಗಿ ಹೊರಗುಳಿಯುತ್ತಾರೆ.

3. ಸುಲಭೋಪಾಯದ ಅಪಾಯ

ಬೇಡದ ಭಾಷೆಯನ್ನು ತಪ್ಪಿಸಿಕೊಳ್ಳಲು ಹಲವರು ಪ್ರದೇಶವನ್ನೇ ‘ಅಮೆರಿಕ ಸಂಯುಕ್ತ ಸಂಸ್ಥಾನ’ ಎಂದು ಬದಲಿಸಿಬಿಡುತ್ತಾರೆ. ಇಂಗ್ಲಿಷ್ ಮರಳಿ ಬರುತ್ತದೆ, ನಿಜ. ಅದರೊಡನೆ 1,00,000 ಎಂಬುದು 100,000 ಆಗುತ್ತದೆ, ಇದರಿಂದ ಕೇಡಿಲ್ಲ. ಕೇಡು ಇರುವುದು ದಿನಾಂಕಗಳಲ್ಲಿ. ಪತ್ರಸಂಗ್ರಹವೊಂದರ ಸೂಚಿಯನ್ನು ಕೋಷ್ಟಕ ತಂತ್ರಾಂಶದಲ್ಲಿ ಸಿದ್ಧಪಡಿಸುವಾಗ 4/7/1956 ಎಂದು ನಮೂದಿಸಿದರೆ, ನಮ್ಮ ಜುಲೈ 4 ಅಲ್ಲಿ ಏಪ್ರಿಲ್ 7 ಎಂದು ದಾಖಲಾಗುತ್ತದೆ. 25/7/1956 ಎಂಬುದು, ಇಪ್ಪತ್ತೈದನೆಯ ತಿಂಗಳು ಇಲ್ಲವಾದುದರಿಂದ, ದಿನಾಂಕವೆನಿಸದೆ ಬರಿಯ ಅಕ್ಷರಸಾಲಾಗಿ ಉಳಿಯುತ್ತದೆ. ಹೀಗೆ ತಿಂಗಳ ಮೊದಲ ಹನ್ನೆರಡು ದಿನಗಳ ನಮೂದುಗಳು ಸದ್ದಿಲ್ಲದೆ ಪಲ್ಲಟಗೊಂಡು, ಉಳಿದವು ಮೊದಲಿನಂತೆಯೇ ಕಾಣುತ್ತವೆ. ಕಾಲಾನುಕ್ರಮವನ್ನೇ ನೆಚ್ಚಿದ ಅಧ್ಯಯನಕ್ಕೆ ಇದಕ್ಕಿಂತ ಕಂಡುಹಿಡಿಯಲು ಕಷ್ಟವಾದ ದೋಷ ವಿರಳ.

4. ಮಾಡಬೇಕಾದುದು

ಪ್ರದೇಶವನ್ನು ಭಾರತವೆಂದೇ ಉಳಿಸಿಕೊಂಡು, ತೆರೆಯ ಭಾಷೆಯನ್ನು ಅದಕ್ಕೆಂದೇ ಇರುವ ಸ್ಥಳದಲ್ಲಿ ಬದಲಿಸುವುದು ಮೊದಲ ಹೆಜ್ಜೆ. ಗ್ನೂ ಗೆಟ್‌ಟೆಕ್ಸ್ಟ್ ಅವಲಂಬಿಸಿದ ತಂತ್ರಾಂಶಗಳಲ್ಲಿ ‘ಲ್ಯಾಂಗ್ವೇಜ್’ ಎಂಬ ಸ್ಥಾನದಲ್ಲಿ ಭಾಷೆಗಳ ಸರಣಿಯನ್ನೇ ಕೊಡಬಹುದು: ಮೊದಲು ಕನ್ನಡ, ಅನುವಾದವಿಲ್ಲದಿದ್ದರೆ ಇಂಗ್ಲಿಷ್. ಬ್ರೌಸರುಗಳಲ್ಲಿಯೂ ಇಂತಹ ಆದ್ಯತೆಯ ಪಟ್ಟಿಗೆ ಅವಕಾಶವಿದೆ. ಸಂಶೋಧಕರು ದಿನಾಂಕಗಳನ್ನು ಐಎಸ್‌ಒ 8601 ಮಾನಕದಂತೆ 1956-07-04 ಎಂದು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆದರೆ ಪ್ರದೇಶದ ಗೊಂದಲ ಅವುಗಳನ್ನು ಬಾಧಿಸುವ ಸಂಭವ ತೀರ ಕಡಿಮೆ. ಪ್ರದೇಶ ಬದಲಿಸಿದ ಗಣಕದಲ್ಲಿ ಈಗಾಗಲೇ ಸಿದ್ಧವಾದ ಸೂಚಿಗಳಿದ್ದರೆ, ಅವುಗಳನ್ನು ಮೂಲದೊಡನೆ ಒಮ್ಮೆ ತಾಳೆ ನೋಡುವುದು ಅಗತ್ಯ.

ತಂತ್ರಾಂಶ ರಚಿಸುವವರಿಗೆ ಹೇಳಬೇಕಾದುದು ಒಂದೇ: ಭಾಷೆಯನ್ನು ಊಹಿಸಬೇಡಿ, ಕೇಳಿ. ಭಾಷೆಯು ಮನುಷ್ಯನೊಡನೆ ಸಂಚರಿಸುತ್ತದೆ, ನೆಲದೊಡನೆ ನಿಲ್ಲುವುದಿಲ್ಲ ಎಂಬುದಕ್ಕೆ ಹೊರನಾಡ ಕನ್ನಡಿಗರಿಗಿಂತ ಬೇರೆ ನಿದರ್ಶನ ಬೇಕಿಲ್ಲ.