ಮದುವೆಯಾಗಿ ನಲವತ್ತು ವರ್ಷ, ಸರ್ಟಿಫಿಕೇಟ್ ಎಲ್ಲಿ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಿಂದ ಇಂಜಿನಿಯರಿಂಗ್ ಓದಿ ಹೊರಟ ಹುಡುಗರು ಇವತ್ತು ಟೊರೊಂಟೊದಲ್ಲಿದ್ದಾರೆ, ಮೆಲ್ಬರ್ನ್‌ನಲ್ಲಿದ್ದಾರೆ, ದುಬೈನಲ್ಲಿದ್ದಾರೆ. ಅಪ್ಪ ಅಮ್ಮ ಊರಲ್ಲಿದ್ದಾರೆ. ಅಪ್ಪ ನಿವೃತ್ತ ಮೇಷ್ಟ್ರು, ಇಲ್ಲವೇ ಅಡಿಕೆ ತೋಟದವರು. ಮಗ ಫೋನ್ ಮಾಡಿ, "ಇಬ್ಬರೂ ಇಲ್ಲಿಗೇ ಬಂದುಬಿಡಿ, ಆರಾಮಾಗಿರಿ" ಅಂತಾನೆ. ಹೇಳೋದು ಸುಲಭ. ಯಾವ ವೀಸಾದಲ್ಲಿ ಬರಬೇಕು? ಎಷ್ಟು ದಿನ ಇರಬಹುದು? ಇವತ್ತು ಅದನ್ನೇ ಬಿಡಿಸಿ ನೋಡೋಣ.

ಮೊದಲು ಒಂದು ತಪ್ಪು ಕಲ್ಪನೆ ದೂರ ಮಾಡ್ತೀನಿ. ಮಕ್ಕಳು ಹೆಚ್ಚಾಗಿ ಹೋಗುವ ದೇಶಗಳಲ್ಲಿ 'ನಿವೃತ್ತಿ ವೀಸಾ' ಅನ್ನೋದೇ ಇಲ್ಲ. ಅಮೆರಿಕದಲ್ಲಿ ಇಲ್ಲ. ಬ್ರಿಟನ್ನಿನಲ್ಲಿ ಸ್ವಂತ ಆದಾಯವಿರುವ ನಿವೃತ್ತರಿಗೆ ಒಂದು ದಾರಿ ಇತ್ತು, 2008ರಲ್ಲಿ ಮುಚ್ಚಿದರು. ಆಸ್ಟ್ರೇಲಿಯಾ ತನ್ನ ನಿವೃತ್ತಿ ವೀಸಾವನ್ನು 2018ರಲ್ಲಿ ನಿಲ್ಲಿಸಿತು. ಅಲ್ಲಿಗೆಲ್ಲ ನಮ್ಮವರು ಹೋಗೋದು 'ತಂದೆ-ತಾಯಿ' ಎಂಬ ಸಂಬಂಧದ ಮೇಲೆ, ಇಲ್ಲವೇ ಪ್ರವಾಸಿಗರಾಗಿ.

ಅಮೆರಿಕದ ಪ್ರವಾಸಿ ವೀಸಾ ಹತ್ತು ವರ್ಷಕ್ಕೆ ಸಿಗುತ್ತೆ. ಹಾಗಂತ ಹತ್ತು ವರ್ಷ ಅಲ್ಲೇ ಇರೋ ಹಾಗಿಲ್ಲ. ಒಂದು ಸಲ ಹೋದರೆ ಸಾಮಾನ್ಯವಾಗಿ ಆರು ತಿಂಗಳು. ಕೆನಡಾದ ಸೂಪರ್ ವೀಸಾ ಇದಕ್ಕಿಂತ ಉದಾರ. 2011ರಲ್ಲಿ ಶುರುವಾಯಿತು; 2022ರಿಂದ ಒಂದೇ ಪ್ರವೇಶದಲ್ಲಿ ಐದು ವರ್ಷದವರೆಗೆ ಇರಬಹುದು. ಆದರೆ ಕನಿಷ್ಠ ಒಂದು ಲಕ್ಷ ಕೆನಡಿಯನ್ ಡಾಲರ್‌ನ ಆರೋಗ್ಯ ವಿಮೆ ಬೇಕು, ಮಗನಿಗೆ ನಿಗದಿತ ಆದಾಯವೂ ಬೇಕು. ಆಸ್ಟ್ರೇಲಿಯಾದಲ್ಲಿ 2019ರಿಂದ ತಾತ್ಕಾಲಿಕ ಪೋಷಕ ವೀಸಾ ಇದೆ. ಒಮ್ಮೆಗೆ ಮೂರು ಅಥವಾ ಐದು ವರ್ಷ, ಎಲ್ಲ ಸೇರಿ ಹತ್ತು ವರ್ಷ ಮೀರುವಂತಿಲ್ಲ. ಅಲ್ಲಿ ಕಾಯಂ ಆಗಿ ನೆಲೆಸುವ ಪೋಷಕ ವೀಸಾಗೆ ಅರ್ಜಿ ಹಾಕಿದರೆ ಸರದಿ ಹತ್ತು ವರ್ಷಕ್ಕೂ ಹೆಚ್ಚು. ಅರವತ್ತೈದರಲ್ಲಿ ಅರ್ಜಿ ಹಾಕಿದವರಿಗೆ ಎಂಬತ್ತರ ಹತ್ತಿರ ಕರೆ ಬಂದರೆ ಏನು ಪ್ರಯೋಜನ, ನೀವೇ ಹೇಳಿ.

ನಿಜವಾದ ನಿವೃತ್ತಿ ವೀಸಾ ಇರೋದು ಬೇರೆ ಕಡೆ. ಥಾಯ್ಲೆಂಡ್ ಐವತ್ತು ದಾಟಿದವರಿಗೆ ಒಂದು ವರ್ಷದ ವೀಸಾ ಕೊಡುತ್ತೆ. ಬ್ಯಾಂಕಿನಲ್ಲಿ 8 ಲಕ್ಷ ಬಾತ್, ಅಂದರೆ 20 ಲಕ್ಷ ರೂಪಾಯಿಗೂ ಹೆಚ್ಚು ತೋರಿಸಬೇಕು. ಇಲ್ಲವೇ ತಿಂಗಳಿಗೆ 65 ಸಾವಿರ ಬಾತ್ ಆದಾಯ. ಅಲ್ಲಿ ಕೆಲಸ ಮಾಡುವಂತಿಲ್ಲ. 90 ದಿನಕ್ಕೊಮ್ಮೆ 'ಇಂಥಲ್ಲಿದ್ದೇನೆ' ಅಂತ ವರದಿ ಕೊಡಬೇಕು. ದುಬೈ 2020ರಲ್ಲಿ 55 ದಾಟಿದವರಿಗೆ ಐದು ವರ್ಷದ ವೀಸಾ ತಂದಿತು. ತಿಂಗಳಿಗೆ 20 ಸಾವಿರ ದಿರ್ಹಮ್ ಆದಾಯ, ಇಲ್ಲವೇ ಹತ್ತು ಲಕ್ಷ ದಿರ್ಹಮ್ ಉಳಿತಾಯ, ಇಲ್ಲವೇ ನಿಗದಿತ ಮೌಲ್ಯದ ಆಸ್ತಿ ಎಂಬ ಷರತ್ತಿನೊಂದಿಗೆ. ಈ ಮೊತ್ತಗಳು ಬದಲಾಗುತ್ತಿರುತ್ತವೆ. ಅರ್ಜಿ ಹಾಕುವ ದಿನ ಆಯಾ ದೇಶದ ಸರ್ಕಾರಿ ವೆಬ್‌ಸೈಟನ್ನೇ ನೋಡಿ, ಏಜೆಂಟನ ವಾಟ್ಸ್‌ಆ್ಯಪ್ ಸಂದೇಶವನ್ನಲ್ಲ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಇವುಗಳಲ್ಲಿ ಗಂಡ-ಹೆಂಡತಿಗೆ ಒಂದು ಅನುಕೂಲ ಇದೆ. ಒಬ್ಬರು ಮುಖ್ಯ ಅರ್ಜಿದಾರರಾದರೆ ಸಾಕು, ಇನ್ನೊಬ್ಬರು ಅವಲಂಬಿತರಾಗಿ ಹೋಗಬಹುದು. ಒಂದೇ ಠೇವಣಿ, ಇಬ್ಬರಿಗೂ ದಾರಿ. ಆದರೆ ಅದಕ್ಕೆ ನೀವು ಗಂಡ-ಹೆಂಡತಿ ಅನ್ನೋದಕ್ಕೆ ಕಾಗದ ಬೇಕು. 1984ರಲ್ಲಿ ಮನೆ ಮುಂದೆ ಹಸಿರು ಚಪ್ಪರ ಹಾಕಿ, ಊರಿಗೆಲ್ಲ ಊಟ ಹಾಕಿಸಿ ಆದ ಮದುವೆಗೆ ಕಾಗದ ಎಲ್ಲಿಂದ ಬರಬೇಕು? ನೋಂದಣಿ ಆಗದಿದ್ದರೂ ಮದುವೆ ಸಿಂಧು, 1955ರ ಹಿಂದೂ ವಿವಾಹ ಕಾಯ್ದೆ ಅದನ್ನು ಸ್ಪಷ್ಟವಾಗಿ ಹೇಳುತ್ತೆ. ಎಲ್ಲ ಮದುವೆಗಳೂ ನೋಂದಣಿಯಾಗಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2006ರಲ್ಲಿ. ಪಾಸ್‌ಪೋರ್ಟ್‌ಗೆ ಮದುವೆ ಪ್ರಮಾಣಪತ್ರ ಬೇಡ ಅಂತ ಕೇಂದ್ರ ಸರ್ಕಾರ 2016ರ ಡಿಸೆಂಬರ್‌ನಲ್ಲಿ ಸಡಿಲಿಸಿತು. ಒಳ್ಳೆಯದೇ. ಆದರೆ ಕೊರತೆ ಅಲ್ಲಿ ಕಾಣೋದಿಲ್ಲ, ವೀಸಾ ಕೌಂಟರ್‌ನಲ್ಲಿ ಕಾಣುತ್ತೆ.

ಪರಿಹಾರ ಇದೆ. ಹಳೆಯ ಮದುವೆಯನ್ನೂ ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ಈಗ ನೋಂದಾಯಿಸಬಹುದು. ಲಗ್ನಪತ್ರಿಕೆ, ಮದುವೆ ಫೋಟೊ, ವಯಸ್ಸಿನ ದಾಖಲೆ, ಸಾಕ್ಷಿಗಳು. ಲಗ್ನಪತ್ರಿಕೆ ಕಳೆದುಹೋಗಿದ್ದರೆ ಅಫಿಡವಿಟ್. ಹೊರದೇಶಕ್ಕೆ ಆ ಪ್ರಮಾಣಪತ್ರದ ಮೇಲೆ ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಬೇಕಾಗಬಹುದು. ಅಪೊಸ್ಟಿಲ್ ಒಪ್ಪದ ದೇಶವಾದರೆ ಆ ದೇಶದ ರಾಯಭಾರ ಕಚೇರಿಯ ಮುದ್ರೆ.

ಇಲ್ಲೊಂದು ನಮ್ಮದೇ ಜಿಲ್ಲೆಯ ತೊಡಕಿದೆ. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ಕ್ಕೆ. ಅದಕ್ಕೂ ಮುಂಚೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ನ್ಯಾಮತಿ ಅಂತೂ ಮೊನ್ನೆ ಮೊನ್ನೆವರೆಗೆ ಹೊನ್ನಾಳಿ ತಾಲ್ಲೂಕಿನ ಊರು. ಈಗ ಯೋಚಿಸಿ. ಅಮ್ಮನ ಶಾಲಾ ದಾಖಲೆಯಲ್ಲಿ 'ಹೊನ್ನಾಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ'. ಆಧಾರ್‌ನಲ್ಲಿ 'ನ್ಯಾಮತಿ, ದಾವಣಗೆರೆ'. ಊರು ಒಂದೇ, ಮನೆ ಒಂದೇ, ಅಮ್ಮ ಒಂದಿಂಚೂ ಕದಲಿಲ್ಲ. ಆದರೆ ಬ್ಯಾಂಕಾಕ್‌ನಲ್ಲೋ ಒಟ್ಟಾವಾದಲ್ಲೋ ಕೂತ ಅಧಿಕಾರಿಗೆ ಇವು ಎರಡು ಬೇರೆ ಊರು. ಅದರ ಮೇಲೆ ಒಂದು ಕಡೆ ರತ್ನಮ್ಮ, ಇನ್ನೊಂದು ಕಡೆ ನಾಗರತ್ನಮ್ಮ. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಪೂರ್ತಿ ಹೆಸರು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಜನ್ಮದಿನ. ಹಾಗಾಗಿ ಕ್ರಮ ಮುಖ್ಯ: ಮೊದಲು ಹೆಸರು ಮತ್ತು ಜನ್ಮದಿನವನ್ನು ಎಲ್ಲ ದಾಖಲೆಯಲ್ಲೂ ಒಂದೇ ಮಾಡಿಸಿ, ಆಮೇಲೆ ಪಾಸ್‌ಪೋರ್ಟ್, ಆಮೇಲೆ ಅದೇ ಹೆಸರಲ್ಲಿ ಮದುವೆ ನೋಂದಣಿ, ಕೊನೆಗೆ ವೀಸಾ. ಜಿಲ್ಲೆ ಬದಲಾದ ವಿವರವನ್ನು ಒಂದು ಪುಟದ ವಿವರಣೆಯಾಗಿ ಅರ್ಜಿಯ ಜೊತೆ ಇಡಿ.

ಮುಂದಿನ ಪ್ರಶ್ನೆ ಆದಾಯದ್ದು. ಪಿಂಚಣಿದಾರರಿಗೆ ಕಷ್ಟ ಇಲ್ಲ, ತಿಂಗಳು ತಿಂಗಳು ಪಾಸ್‌ಬುಕ್ಕೇ ಸಾಕ್ಷಿ. ಚನ್ನಗಿರಿಯ ಅಡಿಕೆ ಬೆಳೆಗಾರರದ್ದು ಬೇರೆ ಕಥೆ. ದುಡ್ಡು ವರ್ಷಕ್ಕೊಂದು ಸಲ ಬರುತ್ತೆ, ಒಟ್ಟಿಗೇ ಬರುತ್ತೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ಎಷ್ಟೋ ಜನ ರಿಟರ್ನ್ಸೇ ಸಲ್ಲಿಸಿಲ್ಲ. ತೋಟ ತುಂಬಾ ಮರ ಇದ್ದರೂ ವೀಸಾ ಅಧಿಕಾರಿಯ ಕಣ್ಣಿಗೆ ಆದಾಯ ಸೊನ್ನೆ! ತೆರಿಗೆ ಕಟ್ಟಬೇಕಿಲ್ಲದಿದ್ದರೂ ರಿಟರ್ನ್ಸ್ ಸಲ್ಲಿಸಿ, ಕೃಷಿ ಆದಾಯ ಅಂತ ಅದರಲ್ಲಿ ತೋರಿಸಬಹುದು. ಅಡಿಕೆ ಮಾರಿದ ಬಿಲ್ ಇಟ್ಟುಕೊಳ್ಳಿ, ದುಡ್ಡು ಬ್ಯಾಂಕಿನ ಮೂಲಕವೇ ಬರಲಿ. ಎರಡು ಮೂರು ವರ್ಷದ ದಾಖಲೆ ಒಂದೇ ವಾರದಲ್ಲಿ ಹುಟ್ಟೋದಿಲ್ಲ. ಮಳೆ ನಂಬಿ ಮೆಕ್ಕೆಜೋಳ, ಶೇಂಗಾ ಬೆಳೆಯುವ ಜಗಳೂರಿನ ರೈತರಿಗೆ ಥಾಯ್ಲೆಂಡ್ ಲೆಕ್ಕ ದೂರದ ಮಾತು. ಅವರಿಗೆ ಮಕ್ಕಳ ಆದಾಯದ ಮೇಲೆ ಸಿಗುವ ವೀಸಾವೇ ದಾರಿ.

ಇಲ್ಲಿಂದ ದುಡ್ಡು ಕಳಿಸಬೇಕೆಂದರೆ ರಿಸರ್ವ್ ಬ್ಯಾಂಕ್ ಒಬ್ಬರಿಗೆ ಒಂದು ಆರ್ಥಿಕ ವರ್ಷಕ್ಕೆ ಎರಡೂವರೆ ಲಕ್ಷ ಅಮೆರಿಕನ್ ಡಾಲರ್‌ವರೆಗೆ ಬಿಡುತ್ತೆ. ಹೊರಗೆ ನೆಲೆಸಿ ಅನಿವಾಸಿ ಆದ ಮೇಲೆ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಇರುವ ತೋಟ, ಗದ್ದೆ ನಿಮ್ಮದೇ, ಭಯ ಬೇಡ. ಆದರೆ ಅನಿವಾಸಿಯಾದವರು ಹೊಸದಾಗಿ ಕೃಷಿ ಭೂಮಿ ಕೊಳ್ಳುವಂತಿಲ್ಲ. ಬದುವಿಗೆ ಹೊಂದಿದ ತೋಟ ಮಾರಾಟಕ್ಕೆ ಬಂದರೂ ನೋಡ್ತಾ ಕೂರಬೇಕಾಗುತ್ತೆ. ಪಿಂಚಣಿದಾರರು ವರ್ಷಕ್ಕೊಮ್ಮೆ ಕೊಡುವ ಜೀವಂತ ಪ್ರಮಾಣಪತ್ರವನ್ನೂ ಮರೆಯಬಾರದು. ಮರೆತರೆ ಪಿಂಚಣಿ ನಿಲ್ಲುತ್ತೆ, ಪಿಂಚಣಿ ನಿಂತರೆ ವೀಸಾಗೆ ತೋರಿಸಿದ ಆದಾಯವೇ ನಿಂತಂತೆ.

ಕೊನೆಯ ಮಾತು, ಯಾರೂ ಬಾಯಿಬಿಟ್ಟು ಕೇಳದ ಮಾತು. ಅಲ್ಲಿ ಹೋದ ಮೇಲೆ ಇಬ್ಬರಲ್ಲಿ ಒಬ್ಬರು ಇಲ್ಲವಾದರೆ? ಬಹುತೇಕ ಮುಖ್ಯ ಅರ್ಜಿದಾರರು ಗಂಡನೇ. ಅವರು ಹೋದರೆ ಅವಲಂಬಿತ ವೀಸಾದ ಆಧಾರವೇ ಹೋಗುತ್ತೆ. ಪರದೇಶದಲ್ಲಿ, ದುಃಖದ ನಡುವೆ, ಆ ತಾಯಿ ತನ್ನ ಹೆಸರಲ್ಲಿ ಹೊಸ ಅರ್ಜಿ ಹಾಕಬೇಕು, ಇಲ್ಲವೇ ಹೊರಡಬೇಕು. ಹೊಸ ಅರ್ಜಿಗೆ ಆಕೆಯ ಹೆಸರಲ್ಲಿ ಠೇವಣಿ ಬೇಕು, ಖಾತೆ ಬೇಕು, ಕುಟುಂಬ ಪಿಂಚಣಿಗೆ ಗಂಡನ ದಾಖಲೆಯಲ್ಲಿ ಆಕೆಯ ಹೆಸರು ಸರಿಯಾಗಿರಬೇಕು. ಆದ್ದರಿಂದ ಹೊರಡುವ ಮುನ್ನವೇ ಖಾತೆಯನ್ನು ಜಂಟಿ ಮಾಡಿಸಿ, ನಾಮಿನಿ ಬರೆಸಿ, ಸಾಧ್ಯವಿದ್ದರೆ ಆಕೆಗೂ ಪ್ರತ್ಯೇಕ ಠೇವಣಿ ಇಡಿ. ಊರಿನ ಮನೆಯನ್ನು ಮಾರಬೇಡಿ, ಬೀಗ ಹಾಕಿ ಹೋಗಿ.

ವಿದೇಶದಲ್ಲಿರುವ ಮಕ್ಕಳೇ, ಮುಂದಿನ ರಜೆಗೆ ಊರಿಗೆ ಬಂದಾಗ ಚಾಕೊಲೇಟ್ ಜೊತೆಗೆ ಎರಡು ದಿನ ಬಿಡುವೂ ತನ್ನಿ. ಅಪ್ಪ ಅಮ್ಮನನ್ನು ಉಪ ನೋಂದಣಾಧಿಕಾರಿ ಕಚೇರಿಗೆ ನೀವೇ ಕರ್ಕೊಂಡು ಹೋಗಿ. ನಲವತ್ತು ವರ್ಷ ಜೊತೆಗೆ ಬಾಳಿದವರು ಒಂದು ಕಾಗದ ಇಲ್ಲ ಅನ್ನೋ ಕಾರಣಕ್ಕೆ ಬೇರೆ ಬೇರೆ ಸಾಲಿನಲ್ಲಿ ನಿಲ್ಲುವಂತಾಗಬಾರದು.